ಕೆಟ್ಟ ಫ್ರಿಜ್‌ನಲ್ಲಿ ಆಮೆಮರಿ: ಮೂರೂವರೆ ಸಾವಿರದ ಹಸಿ ಪೆಟ್ಟಿಗೆ

ಸುಲ್ಕಾಟಾ ಆಮೆ ಸಹಾರಾ ಅಂಚಿನ ಪ್ರಾಣಿ, ಅದಕ್ಕೆ ಹಸಿ ಯಾಕೆ, ಒಣ ಉಸುಕು ಹಾಕಿ ಬಲ್ಬ್ ಉರಿಸಿದರೆ ಸಾಕು ಅಂದವರೇ ಹೆಚ್ಚು. ಹಾಗೆ ಬೆಳೆಸಿದ ಮರಿಗಳ ಬೆನ್ನು ನೋಡಿ, ಒಂದೊಂದು ಫಲಕವೂ ಗೋಪುರದ ಹಾಗೆ ಎದ್ದಿರುತ್ತದೆ. ಮರುಭೂಮಿಯ ಪ್ರಾಣಿ ಹೌದು, ಆದರೆ ಬಿಸಿಲೇರಿದ ಮೇಲೆ ಅದು ಇರುವುದು ಬಿಲದೊಳಗೆ, ಬಿಲದ ಮಣ್ಣು ಹಸಿ. ನನ್ನ ಮರಿ ಬಂದಾಗ 35 ಗ್ರಾಂ ಇತ್ತು. ಹತ್ತು ತಿಂಗಳಿಗೆ 400 ದಾಟಿದೆ, ಬೆನ್ನು ಬೋರಲು ಹಾಕಿದ ಬೋಗುಣಿಯಷ್ಟು ನುಣುಪು. ಹಸಿ ಪೆಟ್ಟಿಗೆ ಅಂದಾಗ ನಕ್ಕವರು ಈಗ ಅದರ ಅಳತೆ ಕೇಳುತ್ತಿದ್ದಾರೆ, ಅದಕ್ಕೇ ಈ ಬರಹ.

ನಕ್ಷತ್ರ ಆಮೆಗೂ ಇದು ಆಗುತ್ತದಾ ಅಂತ ಮಾತ್ರ ಕೇಳಬೇಡಿ. ಅದನ್ನು ಮನೆಯಲ್ಲಿಡುವುದೇ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಸುಲ್ಕಾಟಾಕ್ಕೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು.

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯ ಹವಾ ಗೊತ್ತಲ್ಲ. ಏಪ್ರಿಲ್ ಮಧ್ಯಾಹ್ನ ಕೋಣೆಯೊಳಗೆ ತೇವದ ಮೀಟರ್ ಇಪ್ಪತ್ತು ಪ್ರತಿಶತದ ಆಸುಪಾಸು ತೋರಿಸುತ್ತದೆ. ಡಿಸೆಂಬರ್ ರಾತ್ರಿ ಕೋಣೆ 17 ಡಿಗ್ರಿಗೆ ಇಳಿಯುತ್ತದೆ. ಮರಿಗೆ ಬೇಕಾದ್ದು ಹಗಲೂ ರಾತ್ರಿ 80 ಪ್ರತಿಶತ ತೇವ ಮತ್ತು 27ಕ್ಕಿಂತ ಕೆಳಗಿಳಿಯದ ಶಾಖ. ಎರಡೂ ಒಟ್ಟಿಗೇ ಬೇಕು. ಹಸಿ ಇದ್ದು ಥಂಡಿ ಆದರೆ ಮೂಗು ಸೋರಿ, ನ್ಯುಮೋನಿಯಾ ಹಿಡಿಯುತ್ತದೆ.

ಮೊದಲು ಹಾಳಾದ ದುಡ್ಡಿನ ಲೆಕ್ಕ. ಮೇಲೆ ತೆರೆದ ಗಾಜಿನ ತೊಟ್ಟಿ, ಎರಡೂವರೆ ಸಾವಿರ. ಅದರ ಮೇಲೆ ಒದ್ದೆ ಸೊಲ್ಲಾಪುರ ಟವೆಲ್ ಹೊದಿಸಿದೆ, ಎರಡು ತಾಸಿನಲ್ಲಿ ಟವೆಲ್ ಹಪ್ಪಳ. ಬಿಸಿಗಾಳಿ ಮೇಲೇರುತ್ತದೆ, ಹಸಿಯನ್ನೂ ಹೊತ್ತೊಯ್ಯುತ್ತದೆ. ಬಾಯಿ ತೆರೆದಿದ್ದರೆ ಎಷ್ಟು ನೀರು ಸುರಿದರೂ ಅಷ್ಟೇ. ನಂತರ ನೀರನ್ನು ಮಂಜು ಮಾಡುವ ಫಾಗರ್, ಹದಿನೆಂಟು ನೂರು. ಬೋರ್ ನೀರಿನ ಸುಣ್ಣವೆಲ್ಲ ಬಿಳಿ ಪುಡಿಯಾಗಿ ಮರಿಯ ಕಣ್ಣ ಮೇಲೆ ಕೂತಿತು, ಗಾಳಿಯೂ ತಣ್ಣಗಾಯಿತು. ಆಮೇಲೆ ಪ್ಲೈವುಡ್ ಪೆಟ್ಟಿಗೆ, ಬಡಗಿ ಕೂಲಿ ಸೇರಿ ನಾಲ್ಕು ಸಾವಿರ. ಮೂರನೇ ತಿಂಗಳಿಗೆ ತಳ ಉಬ್ಬಿ ಪದರು ಬಿಟ್ಟಿತು. ತಳದಡಿ ಹೀಟ್ ಮ್ಯಾಟ್ ಇಟ್ಟವರು ಹುಷಾರು: ತೆಂಗಿನ ನಾರಿನ ಪುಡಿ ಕೆಳಗಿನಿಂದಲೇ ಒಣಗುತ್ತದೆ, ಮರಿಯ ಹೊಟ್ಟೆಯೂ ಬೇಯುತ್ತದೆ.

ಅಂದರೆ ನೀರು ಹಾಕುವುದಲ್ಲ, ಬಾಯಿ ಮುಚ್ಚುವುದು ಕೆಲಸ. ಮುಚ್ಚಿದ ಪೆಟ್ಟಿಗೆಯ ಗೋಡೆಯಲ್ಲೇ ಫೋಮ್ ಇದ್ದರೆ ಇನ್ನೂ ಚಲೋ. ಅಂಥ ಪೆಟ್ಟಿಗೆ ಭಂಗಾರದಲ್ಲಿ (ಗುಜರಿಯಲ್ಲಿ) ಬಿದ್ದಿರುತ್ತದೆ: ಕಂಪ್ರೆಸರ್ ಬಿಚ್ಚಿದ ಒಂಟಿ ಬಾಗಿಲಿನ ಫ್ರಿಜ್. ಭಂಗಾರದವ ಸಾವಿರ ಅಂದ, ಆರುನೂರಕ್ಕೆ ಬಂತು. ಕಂಪ್ರೆಸರ್ ಇನ್ನೂ ಇದ್ದರೆ ಮೊದಲು ಮೆಕ್ಯಾನಿಕ್ ಕಡೆಯಿಂದ ಗ್ಯಾಸ್ ತೆಗೆಸಿ. ಇತ್ತೀಚಿನ ಫ್ರಿಜ್‌ಗಳಲ್ಲಿರುವ ಆರ್-600ಎ ಬೆಂಕಿ ಹತ್ತುವ ಗ್ಯಾಸ್, ಕೆಲವದರಲ್ಲಿ ಕೊಳವೆ ಪಕ್ಕದ ಗೋಡೆಯೊಳಗೇ ಹಾದಿರುತ್ತದೆ. ಅದಕ್ಕೂ ಮೊದಲು ಡ್ರಿಲ್ ಮುಟ್ಟಬೇಡಿ.

ಬಾಗಿಲು ಕಳಚಿ ಬೆನ್ನ ಮೇಲೆ ಮಲಗಿಸಿದರೆ ಒಳಗೆ ಸುಮಾರು ಮೂರೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ. ಆಳ ಮಾತ್ರ ಕಮ್ಮಿ, ನಾನು ಎಡವಿದ್ದೂ ಅಲ್ಲೇ. ಬೆಳಕಿಲ್ಲದೆ ಶಾಖ ಮಾತ್ರ ಕೊಡುವ ಸೆರಾಮಿಕ್ ಹೀಟರನ್ನು ಒಳಗೋಡೆಗೆ ಒಂದು ಗೇಣು ದೂರದಲ್ಲಿ ಕೂರಿಸಿದೆ. ರಾತ್ರಿ ಕಳೆಯುವಷ್ಟರಲ್ಲಿ ಪ್ಲಾಸ್ಟಿಕ್ ಹಳದಿಯಾಗಿ ಗುಳ್ಳೆ ಎದ್ದಿತ್ತು. ಹಾಗಾಗಿ ಬಾಯಿಯ ಸುತ್ತ 8 ಎಂಎಂ ಸಿಮೆಂಟ್ ಬೋರ್ಡಿನ ಅರ್ಧ ಅಡಿ ಎತ್ತರದ ಚೌಕಟ್ಟು ಕಟ್ಟಿ, ಅದರ ಮೇಲೆ 6 ಎಂಎಂ ಎರಡು ಪದರಿನ ಪಾಲಿಕಾರ್ಬೊನೇಟ್ ಶೀಟ್ ಮುಚ್ಚಿದೆ. 60 ವ್ಯಾಟಿನ ಎರಡು ಹೀಟರ್ ಒಂದೇ ತುದಿಯಲ್ಲಿ, ಚೌಕಟ್ಟಿನ ಅಡ್ಡ ಸರಳಿನಿಂದ ಸರಪಳಿಯಲ್ಲಿ ತೂಗುತ್ತವೆ. ಮೇಲೆ ಅಲ್ಯುಮಿನಿಯಂ ತಟ್ಟೆ, ಇಲ್ಲದಿದ್ದರೆ ಶೀಟ್ ಬಾಗುತ್ತದೆ. ಹೋಲ್ಡರ್ ಪಿಂಗಾಣಿಯದೇ ಆಗಬೇಕು. ಕೆಳಗೆ ಶಹಾಬಾದ್ ಕಲ್ಲಿನ ತುಂಡು, ಅದು 35–36ಕ್ಕೆ ಕಾಯುತ್ತದೆ, ಉಗುರೂ ಸವೆಯುತ್ತವೆ.

ಗಾಳಿಗೆ ತಣ್ಣನೆ ತುದಿಯಲ್ಲಿ 8 ಎಂಎಂನ ಆರು ತೂತು. ಪ್ರತಿ ತೂತಿಗೂ ಪಿವಿಸಿ ಕೊಳವೆಯ ತುಂಡು ತೂರಿಸಿ ಸಿಲಿಕೋನ್ ಹಚ್ಚಿ. ಹಾಗೇ ಬಿಟ್ಟರೆ ತಗಡು ತುಕ್ಕು ಹಿಡಿದು ಕಂದು ನೀರು ಒಳಗಿಳಿಯುತ್ತದೆ.

ಥರ್ಮೋಸ್ಟ್ಯಾಟ್ ಎಸ್‌ಟಿಸಿ-1000, ನಾನೂರು ರೂಪಾಯಿ. ಹೀಟರ್ 5–6ನೇ ಟರ್ಮಿನಲ್‌ಗೆ, ಎಫ್1 (ಬೇಕಾದ ಶಾಖ) ಅನ್ನು 28ಕ್ಕೆ, ಎಫ್2 (ಏರಿಳಿತದ ಅಂತರ) ಅನ್ನು 0.5ಕ್ಕೆ ಇಡಿ. ಆ ಟರ್ಮಿನಲ್‌ಗಳಲ್ಲಿರುವುದು ಬರೀ ರಿಲೇ (ಸ್ವಿಚ್ ಇದ್ದಂತೆ), ಕರೆಂಟ್ ನೀವೇ ಕೊಡಬೇಕು. ನೇರ ಹೀಟರ್ ಸಿಕ್ಕಿಸಿ "ಮಷಿನ್ನೇ ಕೆಟ್ಟಿದೆ" ಅಂದವರಿದ್ದಾರೆ. ಸೆನ್ಸರ್ ನಡು ಭಾಗದಲ್ಲಿ, ಮರಿಯ ಬೆನ್ನಿನೆತ್ತರಕ್ಕೆ, ಪೈಪಿನ ತುಂಡಿನೊಳಗೆ ಕಟ್ಟಿರಬೇಕು. ನನ್ನದು ಒಮ್ಮೆ ಜಾರಿ ಹಸಿ ಪುಡಿಯಲ್ಲಿ ಹೂತುಹೋಯಿತು. ಅದು 26 ಅನ್ನುತ್ತಿತ್ತು, ಹೀಟರ್ ಉರಿಯುತ್ತಲೇ ಇತ್ತು, ಮೇಲಿನ ಗಾಳಿ 39. ನೀರಿನ ಜಾಗ, ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ ಅಂದರೆ ಆರ್‌ಸಿಸಿಬಿ ಇಲ್ಲದ ಪಾಯಿಂಟಿಗೆ ಸಿಕ್ಕಿಸಲೇಬೇಡಿ.

ತಳಕ್ಕೆ ಐದು ಕಿಲೋದ ಒಂದು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ಸಾಕು, ಮಿಕ್ಕುತ್ತದೆ. ಎರಡು ಸಲ ತೊಳೆದು ಉಪ್ಪು ಬಿಡಿಸಿ, ಎಂಟು ಸೆಂಟಿಮೀಟರ್ ಹಾಸಿ ಕೈಯಿಂದ ಒತ್ತಿ ಕೂರಿಸಿ. ಸಡಿಲ ಬಿಟ್ಟರೆ ಕಣ್ಣಿಗೂ ಸೊಪ್ಪಿಗೂ ಹತ್ತುತ್ತದೆ. ಮುಷ್ಟಿಯಲ್ಲಿ ಹಿಂಡಿದಾಗ ಎರಡು ಮೂರು ಹನಿ ಬಿದ್ದರೆ ಹದ. ಧಾರೆ ಬಂದರೆ ಹೊಟ್ಟೆಯ ಚಿಪ್ಪು ಕೊಳೆಯುತ್ತದೆ. ಮುಂದೆ ಮೇಲಿಂದ ಚಿಮುಕಿಸುವುದಿಲ್ಲ. ವಾರಕ್ಕೊಮ್ಮೆ ಬೆಚ್ಚನೆ ನೀರು ಅರ್ಧ ಲೀಟರ್, ನಾಲ್ಕು ಮೂಲೆಗೂ ಹಂಚಿ ತಳಕ್ಕೆ ಇಳಿಸಬೇಕು, ಮೇಲ್ಪದರ ಒಣಗಿದಂತಿರಬೇಕು. ಬೂಸು ಬರದಿರಲು ಇದರಲ್ಲಿ ಇನ್ನೊಂದು ವಸ್ತು ಬೆರೆಸುತ್ತೇನೆ. ಅದನ್ನು ಇನ್ನೊಂದು ಚಳಿಗಾಲ ನೋಡದೆ ಹೇಳುವುದಿಲ್ಲ. ಒಣ ಹುಲ್ಲು ಮಾತ್ರ ಹಾಕಬೇಡಿ, ಮೂರನೇ ದಿನಕ್ಕೇ ಬೂಸು.

ಮೀಟರ್ ಎಚ್‌ಟಿಸಿ-1, ಎರಡು ಬೇಕು. ನಂಬುವ ಮೊದಲು ಅಡುಗೆ ಉಪ್ಪಿಗೆ ನಾಲ್ಕು ಹನಿ ನೀರು ಬಿಟ್ಟು ಕೆಸರಿನಂತೆ ಮಾಡಿ, ಮುಚ್ಚಿದ ಡಬ್ಬಿಯಲ್ಲಿ ಮೀಟರ್ ಜೊತೆ ಎಂಟು ತಾಸು ಇಡಿ. 75 ತೋರಿಸಬೇಕು. ನನ್ನ ಒಂದು 68 ತೋರಿಸಿತು, ಅದರ ಮೇಲೆ ಮಾರ್ಕರ್‌ನಿಂದ "+7" ಅಂತ ಬರೆದಿದ್ದೇನೆ.

ಥರ್ಮೋಸ್ಟ್ಯಾಟಿನ ಕೂಲಿಂಗ್ ಕಡೆ ಖಾಲಿ ಇತ್ತು, ಬೇಸಿಗೆಗೆ ಅಂತ ಕಂಪ್ಯೂಟರ್ ಫ್ಯಾನ್ ಜೋಡಿಸಿದೆ. 28.5ಕ್ಕೇ ತಿರುಗಲು ಶುರು, ಕಾಲು ಗಂಟೆಯಲ್ಲಿ ತೇವ 85ರಿಂದ 40. ಕಿತ್ತೆಸೆದೆ. ಈಗ ಮೇ ತಿಂಗಳಲ್ಲಿ ಹೀಟರ್ ಬಂದ್. ಒಳಗೆ 33 ದಾಟಿದರೆ ಬರ್ಫ ಕಟ್ಟಿದ ಎರಡು ಲೀಟರ್ ಬಾಟಲಿ ಮುಚ್ಚಳದ ಮೇಲೆ, ಕೆಳಗೆ ಟವೆಲ್. ಚಳಿಗಾಲದಲ್ಲಿ ಮೂರು ತಾಸು ಕರೆಂಟ್ ಹೋದರೂ 28 ಇದ್ದದ್ದು 25ಕ್ಕೆ ನಿಂತಿತು. ಗಾಜಿನ ತೊಟ್ಟಿಯಾಗಿದ್ದರೆ ಅಷ್ಟರಲ್ಲಿ ಕೋಣೆಯಷ್ಟೇ ತಣ್ಣಗಾಗುತ್ತಿತ್ತು. ಹೀಟರ್ ದಿನಕ್ಕೆ ಎಂಟು ತಾಸು ಉರಿದರೆ ಹೆಚ್ಚು, ಒಂದು ಯೂನಿಟ್ ಒಳಗೇ.

ಬಿಸಿಲಿನ ಬದಲು ಉರಿಸುವ ಯುವಿಬಿ (ಅತಿನೇರಳೆ ಕಿರಣದ) ಟ್ಯೂಬಿಗೆ ಖರ್ಚು ಮಾಡಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಬುಟ್ಟಿಯಲ್ಲಿ ಇಪ್ಪತ್ತು ನಿಮಿಷ ನೇರ ಬಿಸಿಲು, ಬುಟ್ಟಿಯ ಅರ್ಧಕ್ಕೆ ನೆರಳು. ಗಾಜಿನ ಕಿಟಕಿಯ ಬಿಸಿಲು ಲೆಕ್ಕಕ್ಕಿಲ್ಲ, ಯುವಿಬಿ ಗಾಜಿನಲ್ಲೇ ನಿಂತುಹೋಗುತ್ತದೆ. ನಂತರ ಗಲ್ಲದ ಮಟ್ಟಕ್ಕೆ ಉಗುರುಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ. ಮೇವು ದಾಸವಾಳದ ಎಲೆ, ಹಿಪ್ಪುನೇರಳೆ, ಗರಿಕೆ, ಮುಳ್ಳು ಸುಟ್ಟ ಪಾಪಾಸುಕಳ್ಳಿ.

ಫ್ರಿಜ್ 600, ಹೀಟರ್ 900, ಥರ್ಮೋಸ್ಟ್ಯಾಟ್ 400, ಮೀಟರ್ 500, ಶೀಟ್ ತುಂಡು 350, ಸಿಮೆಂಟ್ ಬೋರ್ಡ್ 250, ಉಳಿದದ್ದು ಹೋಲ್ಡರ್, ಸಿಲಿಕೋನ್, ವೈರ್, ಕೋಕೋಪೀಟ್. ಮೂರೂವರೆ ಸಾವಿರದಲ್ಲಿ ಮುಗಿಯಿತು. ಮರಿ ಈಗ 12 ಸೆಂಟಿಮೀಟರ್ ಇದೆ. 15 ದಾಟಿದರೆ ಇಲ್ಲಿ ತಿರುಗಲೂ ಜಾಗ ಸಾಲುವುದಿಲ್ಲ. ಆಗ ಪಕ್ಕದ ಗೋಡೆಯಲ್ಲಿ ಬಾಗಿಲು ಕೊರೆದು, ಇದೇ ಫ್ರಿಜ್ಜನ್ನು ಹಿತ್ತಲಿನಲ್ಲಿ ರಾತ್ರಿಯ ಗೂಡಾಗಿ ಹೂಳುವ ಲೆಕ್ಕವಿದೆ. ಎರಡನೇ ಫ್ರಿಜ್‌ಗೆ ಭಂಗಾರದವ ಈಗಲೇ ಸಾವಿರದಿನ್ನೂರು ಹೇಳುತ್ತಿದ್ದಾನೆ.