ಕಬಡ್ಡಿಗೆ ರೇಡಿಯೋ ಥರ ಕಾಮೆಂಟ್ರಿ ಹೇಳೋದು ಹೇಗೆ? ಫಿಲಡೆಲ್ಫಿಯಾದವರನ್ನ ಕೇಳಿ ಕಲಿತಿದ್ದು

ನಮ್ಮ ಗಂಗಾವತಿ, ಕಾರಟಗಿ ಕಡೆ ಜಾತ್ರೆ ಕಬಡ್ಡಿನೂ ಈಗ ಫೋನಿನಲ್ಲಿ ಲೈವ್ ಬರುತ್ತದೆ. ಆದರೆ ಸುಮಾರು ಜನ ಅದನ್ನ ನೋಡೋದಿಲ್ಲ, ಬರೀ ಕೇಳ್ತಾರೆ. ಭತ್ತ ಕೊಯ್ಯೋ ಮಷೀನ್ ಮೇಲೆ ಕೂತವರು, ರೈಸ್ ಮಿಲ್ಲಿನಲ್ಲಿ ರಾತ್ರಿ ಪಾಳಿ ಇದ್ದವರು ಫೋನನ್ನ ಜೇಬಿಗೆ ಹಾಕಿಕೊಂಡು ಕೆಲಸ ಮಾಡ್ತಿರುತ್ತಾರೆ. ಮೊದಲ ಸಲ ಮೈಕ್ ಹಿಡಿದಾಗ ನನಗೆ ಇದು ಹೊಳೆದೇ ಇರಲಿಲ್ಲ. "ಹಿಡಿದ್ರು, ಹಿಡಿದ್ರು, ಅಬ್ಬಬ್ಬಾ!" ಅಂತ ಎರಡು ತಾಸು ಕೂಗಿದೆ. ಮುಗಿದ ಮೇಲೆ ಸೋದರಮಾವನ ಫೋನ್ ಬಂತು. "ಅಳಿಯಾ, ಯಾರು ಯಾರನ್ನ ಹಿಡಿದ್ರಪಾ? ಗೆದ್ದೋರು ಯಾರು, ಅದನ್ನಾರ ಹೇಳು."

ಆಮೇಲೆ ಯೂಟ್ಯೂಬಿನಲ್ಲಿ ಅಮೆರಿಕನ್ ಫುಟ್‌ಬಾಲಿನ ರೇಡಿಯೋ ಕ್ಲಿಪ್‌ಗಳು ಸಿಕ್ಕವು. ಅಲ್ಲಿ ಟಿವಿಯಲ್ಲಿ ಮಾತಾಡೋರು ಚಾನೆಲ್ಲಿನವರು. ರೇಡಿಯೋದವರು ಒಂದೇ ತಂಡದ ಜೊತೆ ವರ್ಷಗಟ್ಟಲೆ ಇರ್ತಾರೆ. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮೆರಿಲ್ ರೀಸ್ ಶುರು ಮಾಡಿದ್ದು 1977ರಲ್ಲಿ. 1998ರಿಂದ ಅವರ ಪಕ್ಕದಲ್ಲಿ ಮೈಕ್ ಕ್ವಿಕ್ ಅನ್ನೋರು, ಅದೇ ತಂಡಕ್ಕೆ ಆಡಿದವರು. ಟಿವಿಯ ಸೌಂಡ್ ಬಂದ್ ಮಾಡಿ ತಮ್ಮ ತಂಡದ ರೇಡಿಯೋ ಕೇಳ್ತಾ ಆಟ ನೋಡೋ ಜನ ಅಲ್ಲಿದ್ದಾರೆ ಅಂದ್ರೆ ಲೆಕ್ಕ ಹಾಕಿ.

ಮೊದಲ ಪಾಠ: ಇಬ್ಬರು ಬೇಕು, ಮತ್ತು ಇಬ್ಬರ ಕೆಲಸ ಬೇರೆ ಬೇರೆ. ಒಬ್ಬ ನಡೀತಿರೋದನ್ನ ಹೇಳಬೇಕು, ಇನ್ನೊಬ್ಬ ಅದು ಯಾಕೆ ಹಾಗಾಯ್ತು ಅಂತ ಹೇಳಬೇಕು. ಎರಡನೆಯವನು ಆಡಿದವನಾದರೆ ಒಳ್ಳೇದು. ಹಳೇ ರೈಡರ್ ಒಬ್ಬ ಎಲ್ಲ ಊರಲ್ಲೂ ಇದ್ದೇ ಇರ್ತಾನೆ, ಮೊಣಕಾಲು ಹೋಗಿರುತ್ತೆ, ಬಾಯಿ ಗಟ್ಟಿ ಇರುತ್ತೆ. ಆದರೆ ಅವನಿಗೆ ಒಂದು ವಿಷಯ ಮೊದಲೇ ಹೇಳಿಡಿ. ಅಮೆರಿಕನ್ ಫುಟ್‌ಬಾಲಿನಲ್ಲಿ ಒಂದು ಪ್ರಯತ್ನ ಮುಗಿದು ಇನ್ನೊಂದು ಶುರುವಾಗೋಕೆ 40 ಸೆಕೆಂಡ್‌ವರೆಗೂ ಸಮಯ ಇರುತ್ತೆ, ಮೈಕ್ ಕ್ವಿಕ್ ಅಷ್ಟರಲ್ಲಿ ಮಾತು ಮುಗಿಸ್ತಾರೆ. ನಮ್ಮ ಕಬಡ್ಡಿಯಲ್ಲಿ ಒಂದು ರೈಡ್ ಮುಗಿದ 5 ಸೆಕೆಂಡಿಗೆ ಮುಂದಿನ ರೈಡರ್ ಹೊರಡಬೇಕು. ಹಾಗಾಗಿ ಅವನಿಗೆ ಒಂದೇ ವಾಕ್ಯ. ಕಥೆ ಹೇಳೋದಿದ್ರೆ ಹಾಫ್ ಟೈಮಿಗೆ.

ಈಗ ಮುಖ್ಯ ಕೆಲಸ. ಅವರ ಆಟದಲ್ಲಿ ಚೆಂಡನ್ನ ನಾಲ್ಕು ಅವಕಾಶದಲ್ಲಿ 10 ಗಜ ಮುಂದೆ ಒಯ್ಯಬೇಕು. ಮೈದಾನ 100 ಗಜ. ಅದಕ್ಕೇ ರೇಡಿಯೋದವರು ಪ್ರತಿ ಸಲ ಎಷ್ಟನೇ ಅವಕಾಶ, ಇನ್ನೆಷ್ಟು ಗಜ, ಚೆಂಡು ಎಲ್ಲಿದೆ, ತಂಡ ಎಡದಿಂದ ಬಲಕ್ಕೆ ಹೋಗ್ತಿದೆಯಾ ಬಲದಿಂದ ಎಡಕ್ಕಾ, ಇಷ್ಟನ್ನ ಹೇಳಿಯೇ ಮುಂದೆ ಹೋಗ್ತಾರೆ. ಕೇಳೋವನ ತಲೆಯಲ್ಲಿ ಮೈದಾನ ಬಿದ್ದುಬಿಡುತ್ತೆ. ನಾವೂ ಹಾಗೇ ಮಾಡೋಣ. ರೈಡರ್ ಯಾರು, ಯಾವ ಕಡೆಯಿಂದ, ಎದುರಿಗೆ ಎಷ್ಟು ಜನ, ಇದು ಎಷ್ಟನೇ ಖಾಲಿ ರೈಡ್. ಹೀಗೆ:

"ಎಡಗಡೆಯಿಂದ ಕೆಂಪು ಬನಿಯನ್ನಿನ 9ನೇ ನಂಬರ್ ಹೊರಟ. ಎದುರಿಗೆ ಐದು ಜನ, ಬೋನಸ್ ಇಲ್ಲ. ಎರಡು ರೈಡ್ ಖಾಲಿ ಹೋಗಿವೆ, ಇದು ಮೂರನೇದು, ಪಾಯಿಂಟ್ ತರದಿದ್ರೆ ಅವನೇ ಔಟ್. ಬಲ ಕಾರ್ನರ್ ಕಡೆ ಸರಿದ, ಕಾಲು ಚಾಚಿದ, ಸಿಗಲಿಲ್ಲ, ತಿರುಗಿದ, ಕಾರ್ನರ್‌ನವನು ಕಾಲಿಗೆ ಹಾರಿದ, ಹಿಡಿದ!"

ಇಷ್ಟು ಹೇಳಿ ಸುಮ್ಮನಾಗಿ. ನಿಜವಾಗ್ಲೂ ಸುಮ್ಮನಾಗಿ. ಮೂರು ಸೆಕೆಂಡ್ ಜನ ಕೂಗಲಿ, ಶಿಳ್ಳೆ ಹೊಡೀಲಿ, ಹಲಗೆ ಬಡೀಲಿ. ಅದೇ ನಿಮ್ಮ ಅರ್ಧ ಕಾಮೆಂಟ್ರಿ. ನಾನು ಆ ಶಬ್ದದ ಮೇಲೇ ಕೂಗಿ ಎಷ್ಟೋ ಒಳ್ಳೆ ರೈಡ್ ಹಾಳು ಮಾಡಿದ್ದೀನಿ.

ಸ್ಕೋರ್ ಹೇಳೋದು ಎಲ್ಲರೂ ಮರೀತಾರೆ. ಅಮೆರಿಕದಲ್ಲಿ ರೆಡ್ ಬಾರ್ಬರ್ ಅಂತ ಹಳೇ ಬೇಸ್‌ಬಾಲ್ ಕಾಮೆಂಟೇಟರ್ ಒಬ್ಬರಿದ್ದರು. ಅವರು ಮುಂದೆ ಒಂದು ಮರಳು ಗಡಿಯಾರ ಇಟ್ಟುಕೊಳ್ತಿದ್ದರು. ಮರಳು ಇಳಿದಾಗ ಸ್ಕೋರ್ ಹೇಳಿ ಅದನ್ನ ತಿರುಗಿಸೋದು. ನಾನು ಫೋನಿನಲ್ಲಿ ಎರಡು ನಿಮಿಷಕ್ಕೊಮ್ಮೆ ನಡುಗೋ ಹಾಗೆ ಟೈಮರ್ ಇಟ್ಟು ತೊಡೆ ಕೆಳಗೆ ಹಾಕಿಕೊಳ್ತೀನಿ. ನಡುಗಿದ ಕೂಡಲೇ ಸ್ಕೋರ್, ಉಳಿದ ಸಮಯ, ಎರಡೂ ತಂಡದ ಊರು.

ಹೆಸರಿನದು ದೊಡ್ಡ ತಲೆನೋವು. ಆ ಫುಟ್‌ಬಾಲ್ ರೇಡಿಯೋದವರು ದೊಡ್ಡ ರಟ್ಟಿನ ಮೇಲೆ ಎರಡೂ ತಂಡದ ಆಟಗಾರರ ನಂಬರ್, ಹೆಸರು, ವಿವರ ಬರೆದಿಟ್ಟುಕೊಳ್ತಾರೆ. ಪಕ್ಕದಲ್ಲೊಬ್ಬ ಸಹಾಯಕ ದುರ್ಬೀನಿನಲ್ಲಿ ನೋಡಿ, ಹೆಸರಿನ ಮೇಲೆ ಬೆರಳಿಡ್ತಾನೆ. ನಾನು ಸ್ವೀಟ್ ಬಾಕ್ಸ್ ಬಿಚ್ಚಿ ಒಳಗಿನ ಬಿಳಿ ಕಡೆ ಕೋರ್ಟ್ ಬರೆದೆ. ಒಂದು ಕಡೆ ಏಳು ಚೌಕ, ಇನ್ನೊಂದು ಕಡೆ ಏಳು. ಚೌಕಕ್ಕೊಂದು ಹುಣಸೆ ಬೀಜ. ಔಟ್ ಆದವನ ಬೀಜ ತೆಗೆಯೋದು, ಒಳಗೆ ಬಂದ್ರೆ ಇಡೋದು. ಎಷ್ಟು ಜನ ಉಳಿದ್ರು ಅಂತ ಎಣಿಸೋ ಕೆಲಸವೇ ಇಲ್ಲ. ಮೂರು ಬೀಜ ಉಳಿದ್ರೆ ಸೂಪರ್ ಟ್ಯಾಕಲ್ (ಈಗ ರೈಡರ್‌ನ ಹಿಡಿದ್ರೆ ಒಂದು ಪಾಯಿಂಟ್ ಹೆಚ್ಚು) ಬಂತು ಅಂತ ಕಣ್ಣಿಗೇ ಕಾಣುತ್ತೆ. ಜಾತ್ರೆ ಆಟದಲ್ಲಿ ಬೆನ್ನಿಗೆ ನಂಬರ್ ಇರೋದೇ ಕಡಿಮೆ, ಅದಕ್ಕೆ ಚಡ್ಡಿ ಬಣ್ಣ, ತಾಯತ, ಮೊಣಕಾಲಿನ ಪಟ್ಟಿ, ಏನು ಕಂಡರೂ ಹೆಸರಿನ ಪಕ್ಕ ಬರೆದುಕೊಳ್ಳಿ. ಆಟ ಶುರುವಾಗೋ ಮುಂಚೆ ಹುಡುಗರ ಹತ್ತಿರ ಹೋಗಿ ಮಾತಾಡಿಸಿದ್ರೆ ಹೆಸರು ತಪ್ಪೋದಿಲ್ಲ.

ಇನ್ನು ಕಮಿಟಿಯವರ ಚೀಟಿ. "ಇವರಿಂದ 501 ರೂಪಾಯಿ ಬಹುಮಾನ" ಅಂತ ರೈಡ್ ನಡುವೆಯೇ ಕೈಗೆ ತುರುಕ್ತಾರೆ. ತೆಗೊಳ್ಳಿ, ಜೇಬಿಗಿಡಿ, ಟೈಮ್ ಔಟಿಗೆ ಓದಿ. ಬೈಸಿಕೊಳ್ಳೋದು ನಿಮಗೆ ಬಿಟ್ಟಿದ್ದು.

ನಮ್ಮೂರ ತಂಡದ ಕಡೆ ವಾಲಬಹುದಾ? ವಾಲಿ, ತಪ್ಪೇನಿಲ್ಲ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಅನ್ನೋ ಇನ್ನೊಂದು ಅಮೆರಿಕನ್ ಫುಟ್‌ಬಾಲ್ ತಂಡದ ರೇಡಿಯೋದಲ್ಲಿ ಮೈರನ್ ಕೋಪ್ 1970ರಿಂದ 35 ಸೀಸನ್ ಹಾಗೇ ಮಾತಾಡಿದ್ದು. ಹಳದಿ ಟವೆಲ್ ಬೀಸಿ ಅಂತ 1975ರಲ್ಲಿ ಜನರಿಗೆ ಹೇಳಿದ್ದೂ ಅವರೇ, ಅದನ್ನ ಜನ ಇವತ್ತಿಗೂ ಬೀಸ್ತಾರೆ. ಆದರೆ ಎದುರಿನವನು ಒಳ್ಳೆ ರೈಡ್ ಮಾಡಿದ್ರೆ ಒಳ್ಳೆ ರೈಡ್ ಅಂತ್ಲೇ ಹೇಳಬೇಕು, ಅಲ್ವಾ? ಅವರ ಊರವರೂ ಕೇಳ್ತಿರ್ತಾರೆ.

ಮೈಕ್ ಬಾಯಿಂದ ನಾಲ್ಕು ಬೆರಳು ದೂರ ಇರಲಿ. ಮಿರ್ಚಿ ಆಟ ಮುಗಿದ ಮೇಲೆ ತಿನ್ನಿ.

ಮನೆಯಲ್ಲಿ ಅಭ್ಯಾಸ ಮಾಡೋಕೆ ಟಿವಿಯಲ್ಲಿ ಕಬಡ್ಡಿ ಹಚ್ಚಿ, ಸೌಂಡ್ ತೆಗೆಯಿರಿ. ಗೆಳೆಯನನ್ನ ಟಿವಿಗೆ ಬೆನ್ನು ಮಾಡಿ ಕೂರಿಸಿ, ಕೈಗೆ ಹಾಳೆ, ಪೆನ್ನು ಕೊಡಿ. ನೀವು ಹೇಳ್ತಾ ಹೋಗಿ, ರೈಡರ್ ಎಲ್ಲಿದ್ದಾನೆ ಅಂತ ಅವನು ಗೆರೆ ಎಳೀತಾ ಹೋಗಲಿ. ನಮ್ಮ ಮೊದಲ ದಿನದ ಹಾಳೆ ಇನ್ನೂ ಇದೆ. ಅದರಲ್ಲಿ ರೈಡರ್ ಮೂರು ಸಲ ಕೋರ್ಟ್ ದಾಟಿ ಹಾಳೆಯ ಅಂಚಿಗೆ ಹೋಗಿದ್ದಾನೆ, ಪಕ್ಕದಲ್ಲಿ ಗೆಳೆಯ "ಚಾ ಕುಡಿಯಾಕ ಹೋದ" ಅಂತ ಬರೆದಿದ್ದಾನೆ.