ಗಾರ್ಮೆಂಟ್ಸ್ ಪೇಸ್ಲಿಪ್‌ನಲ್ಲಿ ಕನಿಷ್ಠ ವೇತನ ಹುಡುಕುವುದು ಹೇಗೆ?

ಕೈಗೆ ಬಂದ ಹಣ ನೋಡಬೇಡಿ. ಮೂಲ ವೇತನ, ತುಟ್ಟಿಭತ್ಯೆ ಎರಡನ್ನೇ ಕೂಡಿಸಿ, ನಿಮ್ಮ ಕಾರ್ಖಾನೆ ಇರುವ ವಲಯದ (ಝೋನ್) ಸರ್ಕಾರಿ ಕನಿಷ್ಠ ವೇತನದ ದರದ ಜೊತೆ ಹೋಲಿಸಿ. ಓಟಿ (ಹೆಚ್ಚುವರಿ ಗಂಟೆಗಳ ಕೂಲಿ), ಹಾಜರಾತಿ ಬೋನಸ್ ಸೇರಿಸಿ ಲೆಕ್ಕ ತೋರಿಸಿದರೆ ಒಪ್ಪಬೇಡಿ.

ಮೊತ್ತ 13,000 ಎಂದಿಟ್ಟುಕೊಳ್ಳಿ. ತಿಂಗಳ 26 ಕೆಲಸದ ದಿನಗಳಿಂದ ಭಾಗಿಸಿದರೆ ದಿನಕ್ಕೆ 500, ಮತ್ತೆ ದಿನದ 8 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 62.50. ಓಟಿಗೆ ಇದರ ಎರಡರಷ್ಟು, 125 ರೂಪಾಯಿ ಸಿಗಲೇಬೇಕು. ಮೋಸ ಇಲ್ಲೂ ನಡೆಯಬಹುದು: ಓಟಿಯನ್ನೂ ಮಾಮೂಲಿ ಗಂಟೆಯ ದರದಲ್ಲೇ ಬರೆದಿರಬಹುದು.

ಕರ್ನಾಟಕದಲ್ಲಿ ತುಟ್ಟಿಭತ್ಯೆ ಪರಿಷ್ಕರಣೆ ಪ್ರತಿ ವರ್ಷ ಏಪ್ರಿಲ್ 1ರಿಂದ. ಮಾರ್ಚ್, ಏಪ್ರಿಲ್ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2020ರಲ್ಲಿ ಸರ್ಕಾರ ಈ ಏರಿಕೆಯನ್ನೇ ಮುಂದೂಡಿದ್ದರಿಂದ ಬಾಕಿಗಾಗಿ ಕಾರ್ಮಿಕರು ಹೋರಾಡಬೇಕಾಯಿತು.

ಕೂಲಿ ಏರಿದ ಮೇಲೆ ಗಂಟೆಯ ಟಾರ್ಗೆಟ್ಟೂ ಏರಿತೇ? ದಿನಾಂಕ, ಪೀಸ್ ಸಂಖ್ಯೆ ಬರೆದಿಡಿ. ಏರಿದ ಕೂಲಿಯನ್ನು ಕಾರ್ಖಾನೆ ಹೀಗೂ ವಾಪಸ್ ಪಡೆಯಬಹುದು.