ಹೂಜಿ ಗಿಡ ಕೊಳ್ಳುವಾಗ ಸುಳಿ ನೋಡಿ

ನೆಪೆಂಥಿಸ್, ಅಂದರೆ ಎಲೆತುದಿಯ ಹೂಜಿಯಲ್ಲಿ ಹುಳ ಹಿಡಿದು ತಿನ್ನುವ ಗಿಡ, ಕೊಳ್ಳುವಾಗ ನಾನು ಹೂಜಿಗಳನ್ನು ಎಣಿಸುವುದಿಲ್ಲ. ಅವು ಹಳೆಯ ಜಾಗದ ಹವೆಯಲ್ಲಿ ಆದವು, ಸಾಗಣೆಯಲ್ಲಿ ಸಾಮಾನ್ಯವಾಗಿ ಒಣಗುತ್ತವೆ. ನೋಡಬೇಕಾದದ್ದು ಸುಳಿ: ಹಸಿರಾಗಿ, ಗಟ್ಟಿಯಾಗಿರಬೇಕು. ಎಲೆಬುಡದ ಸಂದಿಯಲ್ಲಿ ಹಿಟ್ಟು ತಿಗಣೆ ಕಂಡರೆ ಆ ಗಿಡ ಬೇಡ. ಬೇರು ಕಪ್ಪಗಿದೆಯೆಂದು ಕೊಳೆತಿದೆ ಅಂದುಕೊಳ್ಳಬೇಡಿ, ಇದರ ಆರೋಗ್ಯವಂತ ಬೇರಿನ ಬಣ್ಣವೇ ಅದು. ಕೊಳೆತದ್ದು ಒತ್ತಿದರೆ ಮೆತ್ತಗಾಗುತ್ತದೆ.

ನೆಪೆಂಥಿಸ್‌ನಲ್ಲಿ ರಾಜಾ, ವಿಲ್ಲೋಸಾದಂಥ ಎತ್ತರದ ಬೆಟ್ಟದ ಜಾತಿಗಳಿಗೆ ರಾತ್ರಿ 10–15 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಆಂಪುಲೇರಿಯಾ, ಬೈಕ್ಯಾಲ್ಕರೇಟಾ ತಗ್ಗಿನವು, ರಾತ್ರಿಯೂ 20ಕ್ಕಿಂತ ಕೆಳಗಿಳಿಯಬಾರದು. ಮೊದಲ ಗಿಡಕ್ಕೆ ನನ್ನ ಆಯ್ಕೆ ವೆಂಟ್ರಾಟಾ ಮಿಶ್ರತಳಿ, ಹವೆಯ ಏರುಪೇರನ್ನು ತಾಳಿಕೊಳ್ಳುತ್ತದೆ. ಕಾಡಿನಿಂದ ಕಿತ್ತದ್ದನ್ನು ಎಷ್ಟು ಚೆಂದವಿದ್ದರೂ ಮುಟ್ಟಬೇಡಿ. ಕಾಂಡದ ತುಂಡು, ಬೀಜ ಅಥವಾ ಅಂಗಾಂಶ ಕೃಷಿಯ ಗಿಡವೇ ಇರಲಿ.

ಕುಂಡಕ್ಕೆ ಉದ್ದ ನಾರಿನ ಸ್ಫ್ಯಾಗ್ನಂ ಪಾಚಿ ಮತ್ತು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಸಮಪಾಲು. ಪಾಚಿಯನ್ನು ನೆನೆಸಿ ಹಿಂಡಿ, ಸಡಿಲವಾಗಿ ತುಂಬುತ್ತೇನೆ. ಅದುಮಿದರೆ ಗಾಳಿಯಾಡದೆ ಬೇರು ಸಾಯುತ್ತದೆ. ಬೇರು ಸಣ್ಣದು, ತಟ್ಟನೆ ಮುರಿಯುತ್ತದೆ, ಹಾಗಾಗಿ ಹಳೆಯ ಮಿಶ್ರಣವನ್ನು ಉದುರಿಸಲು ಹೋಗುವುದಿಲ್ಲ. ಮಳೆನೀರು ಅಥವಾ ಆರ್‌ಒ ನೀರು ಮಾತ್ರ, ಟಿಡಿಎಸ್ (ಕರಗಿದ ಲವಣದ ಪ್ರಮಾಣ) 50 ಪಿಪಿಎಂ ಒಳಗೆ. ಗಡಸು ನೀರನ್ನು ಕುದಿಸಿದರೂ ಲವಣ ಪೂರ್ತಿ ಹೋಗುವುದಿಲ್ಲ. ಮಿಶ್ರಣ ಸದಾ ತೇವವಾಗಿರಲಿ, ಆದರೆ ತಟ್ಟೆಯಲ್ಲಿ ನೀರು ನಿಲ್ಲಬಾರದು.

ಬಂದ ಗಿಡಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹೊದಿಸಿ, ನೇರ ಬಿಸಿಲಿಲ್ಲದ ಬೆಳಕಿನಲ್ಲಿಡುತ್ತೇನೆ. ಒಂದು ವಾರದ ನಂತರ ಎರಡು ರಂಧ್ರ, ಆಮೇಲೆ ದಿನ ಬಿಟ್ಟು ದಿನ ಇನ್ನಷ್ಟು. ಮೂರ್ನಾಲ್ಕು ವಾರದಲ್ಲಿ ಚೀಲ ಪೂರ್ತಿ ತೆಗೆಯುತ್ತೇನೆ. ಅವಸರ ಮಾಡಿದರೆ ಎಲೆ ಬಾಡುತ್ತದೆ, ತಿಂಗಳುಗಟ್ಟಲೆ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ.

ಹೂಜಿ ಬರುತ್ತಿಲ್ಲವೆಂದರೆ ಎಲೆ ಓದಿ. ಕಡುಹಸಿರಾಗಿ, ಉದ್ದವಾಗಿ ಜೋತುಬಿದ್ದಿದ್ದರೆ ಬೆಳಕು ಸಾಲದು. ಎಲೆ ಚೆನ್ನಾಗಿದ್ದು, ಎಲೆತುದಿಯ ಬಳ್ಳಿಯ ಕೊನೆಯಲ್ಲಿರುವ ಹೂಜಿಯ ಮೊಗ್ಗು ಕಂದಾಗಿ ಒಣಗಿದರೆ ಗಾಳಿಯ ತೇವಾಂಶ ಕಡಿಮೆ; 60–70 ಪ್ರತಿಶತವಿದ್ದರೆ ನೆಮ್ಮದಿ. ಆಗ ಕುಂಡಕ್ಕೆ ಗೊಬ್ಬರ ಸುರಿಯುವುದು ದೊಡ್ಡ ತಪ್ಪು, ಅದು ಬೇರನ್ನೇ ಸುಡುತ್ತದೆ. ತೆರೆದ ಹೂಜಿಗೆ ಎರಡು ವಾರಕ್ಕೊಮ್ಮೆ ಒಂದು ಸಣ್ಣ ಹುಳ ಸಾಕು, ಮಾಂಸದ ತುಂಡು ಕೊಳೆತು ಹೂಜಿಯನ್ನೂ ಕೊಳೆಸುತ್ತದೆ. ಒಳಗಿನ ದ್ರವ ಚೆಲ್ಲಿದ್ದರೆ ಮೂರನೇ ಒಂದು ಭಾಗ ಶುದ್ಧ ನೀರು ತುಂಬಿಸಿ.

ಒಣಗಿದ ತುದಿಯ ಹಳೆಯ ಎಲೆಗಳಲ್ಲಿ ಮತ್ತೆ ಹೂಜಿ ಆಗುವುದಿಲ್ಲ. ಆದರೂ ಹಸಿರಿರುವವರೆಗೆ ಕತ್ತರಿಸಬೇಡಿ, ಹೊಸ ಸುಳಿಗೆ ಆಹಾರ ಅವೇ.